ಒಳಬಾಗಿಲಿನ ಹೊಳಪು

ಮನೆಯೊಳಗೆ ದಿನವಿಡೀ ಅತಿ ಹೆಚ್ಚು ಏಟು ತಿನ್ನುವ ವಸ್ತು ಯಾವುದೆಂದು ಕೇಳಿದರೆ ಕೆಲವರು ಒರಳು ಎಂದಾರು, ಕೆಲವರು ಮಕ್ಕಳು ಎಂದಾರು. ನನ್ನನ್ನು ಕೇಳಿದರೆ ಒಳಬಾಗಿಲು. ಕೈಯಲ್ಲಿ ಕೊಡ ಇದ್ದಾಗ ಅದನ್ನು ಮೊಣಕೈಯಿಂದ ನೂಕುತ್ತೇವೆ. ಹಿಟ್ಟಿನ ಕೈಯಿಂದಲೇ ಹಿಡಿದೆಳೆಯುತ್ತೇವೆ. ಗಂಡನ ಮೇಲೆ ತೋರಿಸಲಾಗದ ಸಿಟ್ಟನ್ನು ಅದರ ಮೇಲೆ ತೋರಿಸುತ್ತೇವೆ. ಮಕ್ಕಳು ಅದಕ್ಕೇ ಜೋತುಬಿದ್ದು ಉಯ್ಯಾಲೆಯಾಡುತ್ತಾರೆ. ಒದ್ದೆ ಟವೆಲು, ಸಂತೆಚೀಲ, ಹಳೆಯ ಕ್ಯಾಲೆಂಡರು ಎಲ್ಲವೂ ಅದರ ಮೊಳೆಗೇ. ಇಷ್ಟೆಲ್ಲ ಸಹಿಸುವ ಬಾಗಿಲಿಗೆ ಮನೆ ಕಟ್ಟುವಾಗಲಾಗಲಿ, ಸುಣ್ಣ ಬಣ್ಣ ಮಾಡಿಸುವಾಗಲಾಗಲಿ ಸಿಗುವ ಮರ್ಯಾದೆ ಅಷ್ಟರಲ್ಲೇ ಇದೆ. ತಲಬಾಗಿಲಿಗೆ ತೇಗ ಎಲ್ಲಿಂದ ತರಬೇಕು, ಕೆತ್ತನೆಗೆ ಗಜಲಕ್ಷ್ಮಿಯೋ ನವಿಲೋ, ಚಿಲಕ ಹಿತ್ತಾಳೆಯದೋ ಸ್ಟೀಲಿನದೋ ಎಂದು ಗಂಡಸರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಒಳಬಾಗಿಲಿನ ಮಾತು ಬಂದರೆ ಮಾತ್ರ, "ಏನೋ ಒಂದು ಬಳಿದರಾಯಿತು" ಎಂದು ಎದ್ದುಬಿಡುತ್ತಾರೆ. ಆ ‘ಏನೋ ಒಂದು’ ಎಂಬುದರೊಳಗೆ ಎಷ್ಟೆಲ್ಲ ಅಡಗಿದೆ ಎಂಬುದು ನಮ್ಮ ಮನೆಯ ಐದು ಬಾಗಿಲುಗಳಿಗೆ ಬಣ್ಣ ಹಚ್ಚಿಸಲು ಹೊರಟಾಗ ನನ್ನ ಅರಿವಿಗೆ ಬಂತು.

ನಮ್ಮದು ರಾರಾವಿ. ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ ವೇದಾವತಿಯ ದಂಡೆಯ ಊರು. ವೇದಾವತಿ ಎಂಬುದು ಪುಸ್ತಕದ ಹೆಸರು. ನಮ್ಮ ಬಾಯಲ್ಲಿ ಅದು ಹಗರಿ. ಬೇಸಿಗೆಯಲ್ಲಿ ಹಗರಿಯ ಮರಳು ಗಾಳಿಗೆ ಎದ್ದು ಮನೆಯೊಳಗೇ ಬಂದು ಕೂಡುತ್ತದೆ. ಸುಗ್ಗಿಯಲ್ಲಿ ಭತ್ತದ ಹೊಟ್ಟಿನ ಧೂಳು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ ನಲವತ್ತು ಡಿಗ್ರಿ ದಾಟಿದಾಗ ಕದಗಳು ಒಣಗಿ ಕುಗ್ಗಿ, ಸಂದಿನಲ್ಲಿ ಪಕ್ಕದ ಕೋಣೆಯ ಬೆಳಕು ಕಾಣುತ್ತದೆ. ಶ್ರಾವಣದ ಹೊತ್ತಿಗೆ ಅವೇ ಕದಗಳು ಉಬ್ಬಿ, ಹೆಗಲು ಕೊಟ್ಟು ನೂಕಿದ ಹೊರತು ತೆರೆಯುವುದಿಲ್ಲ. ಮರವೂ ನಮ್ಮ ಹಾಗೆಯೇ ಋತುವಿಗೆ ತಕ್ಕಂತೆ ಬದಲಾಗುವ ಜೀವ. ಬಣ್ಣವೆಂಬುದು ಅದಕ್ಕೆ ತೊಡಿಸುವ ಅಂಗಿ. ಮೈ ಉಬ್ಬಿದರೂ ಕುಗ್ಗಿದರೂ ಹರಿಯದ ಅಂಗಿ ಬೇಕು.

2022ರ ದಸರಾ ಹೊತ್ತಿಗೆ ಮಗಳು ಏಳು ತಿಂಗಳ ಬಸುರಿ. ಚೊಚ್ಚಲು. ಕುಬಸ ಮಾಡಿ ಕರೆತರಬೇಕು, ಬಾಣಂತನ ಇಲ್ಲಿಯೇ. ಅವಳು ಬರುವುದರೊಳಗೆ ಒಳಬಾಗಿಲುಗಳಿಗೆ ಬಣ್ಣವಾಗಬೇಕೆಂದು ನಮ್ಮ ಮನೆಯವರು ಹೇಳಿದರು. ಆ ವರ್ಷದ ಮಳೆ ನಿಮಗೂ ನೆನಪಿರಬಹುದು. 1933ರ ಬಳಿಕ ಮೊದಲ ಬಾರಿಗೆ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ಬರಿ ಮರಳು ಕಾಣುತ್ತಿದ್ದ ನಮ್ಮ ಹಗರಿಯಲ್ಲಿ ನೀರು ಹರಿಯಿತು. ಬಾಗಿಲುಗಳೆಲ್ಲ ಬಿಗಿದುಕೊಂಡವು. ಬಡಗಿ ಮೇಸ್ತ್ರಿ ಬಂದು ನೋಡಿ, "ಈಗ ಕೀಸಬ್ಯಾಡ್ರಿ ಅಮ್ಮಾರೆ, ಹಸಿ ಆರಿದ ಮ್ಯಾಲೆ ಸಂದು ಬಿಡ್ತೈತಿ. ಹದಿನೈದು ದಿನ ಬಿಸಿಲು ಬೀಳಲಿ" ಎಂದು ಹೇಳಿ ಹೋದ. ನೀರು ಕುಡಿದ ಮರದ ಮೇಲೆ ಬಣ್ಣ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕಿ ಬಣ್ಣವನ್ನೇ ಗುಳ್ಳೆ ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಕಾದ ಮರಕ್ಕೆ ಬಳಿದರೆ ಮೇಲಿನ ಪದರ ಬೇಗ ಒಣಗಿ, ಒಳಗಿನದು ಹಸಿಯಾಗಿಯೇ ಉಳಿದು, ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ನಮ್ಮ ಕಡೆ ಮಳೆ ನಿಂತು ಭತ್ತದ ಕೊಯ್ಲು ಇನ್ನೂ ಶುರುವಾಗದ ಆ ಕೆಲವು ವಾರಗಳೇ ಬಣ್ಣಕ್ಕೆ ಹದ.

ಆ ಹದಿನೈದು ದಿನದಲ್ಲಿ ಸಿರುಗುಪ್ಪದ ಬಣ್ಣದ ಅಂಗಡಿಗೆ ಹೋದೆವು. ಹಿಂದೆಲ್ಲ ಬಣ್ಣದಂಗಡಿ ಎಂದರೆ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ತುಂಟ ಹುಡುಗ ಗಟ್ಟು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಚಿತ್ರ. 2002ರ ಸುಮಾರಿಗೆ ಅವನನ್ನು ಡಬ್ಬಿಗಳಿಂದ ಇಳಿಸಿಬಿಟ್ಟರು. ಈಗ ಅವನ ಜಾಗದಲ್ಲಿ ಕಂಪ್ಯೂಟರು ಕೂತಿದೆ, ನೂರಾರು ಬಣ್ಣಗಳ ಕಾರ್ಡಿದೆ. ನಾವು ಬಣ್ಣ ಆರಿಸಲು ಬಗ್ಗಿದರೆ ಅಂಗಡಿಯವರು ಬೇರೆಯದನ್ನೇ ಕೇಳಿದರು: "ಗ್ಲಾಸಿ ಬೇಕಾ, ಸ್ಯಾಟಿನ್ನಾ, ಮ್ಯಾಟಾ?" ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು, "ಮೂರಕ್ಕೂ ಏನು ಫರಕು, ಬಿಡಿಸಿ ಹೇಳ್ರಿ" ಎಂದು ಅಲ್ಲಿಯೇ ಸ್ಟೂಲು ಎಳೆದುಕೊಂಡು ಕುಳಿತೆ.

ಅವರು ಹೇಳಿದ್ದನ್ನು ನಾನು ಅಡುಗೆಮನೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಬಣ್ಣದೊಳಗೆ ಮುಖ್ಯವಾಗಿ ಇರುವುದು ಎರಡು: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಹಿಡಿದು ನಿಲ್ಲಿಸುವ ಅಂಟು. ಶೇಂಗಾ ಚಿಕ್ಕಿಗೆ ಪಾಕ ಹೆಚ್ಚಾದರೆ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಪಾಕ ಕಡಿಮೆ, ಪುಡಿ ಹೆಚ್ಚು ಮಾಡಿ ಉಂಡೆ ಕಟ್ಟಿದರೆ ಹೊಳಪಿಲ್ಲ, ಮೈ ಒರಟು. ಬಣ್ಣವೂ ಹೀಗೆಯೇ. ಅಂಟು ಹೆಚ್ಚಿದ್ದು ಗ್ಲಾಸಿ. ನುಣುಪಾದ ಮೈ, ಎಣ್ಣೆ ಅರಿಸಿನ ಏನೇ ತಾಗಲಿ ಒದ್ದೆ ಬಟ್ಟೆಗೆ ಬಿಡುತ್ತದೆ. ಆದರೆ ಕನ್ನಡಿಯ ಗುಣವೆಂದ ಮೇಲೆ ಮರದ ತಗ್ಗು ದಿಣ್ಣೆ, ಮೊಳೆಯ ಗುರುತು, ಕುಂಚದ ಗೆರೆ ಎಲ್ಲವನ್ನೂ ತೋರಿಸಿಯೇ ತೀರುತ್ತದೆ. ಪುಡಿ ಹೆಚ್ಚಿದ್ದು ಮ್ಯಾಟ್. ಕಣ್ಣಿಗೆ ಕಾಣದಷ್ಟು ಒರಟು ಮೈಯಾದ್ದರಿಂದ ಬೆಳಕು ಚದುರಿ ಹೋಗುತ್ತದೆ. ಕದದ ಹಳೆಯ ಗಾಯಗಳೆಲ್ಲ ಮುಚ್ಚಿಹೋಗುತ್ತವೆ. ಆದರೆ ಆ ಒರಟಿನಲ್ಲೇ ಕೊಳೆಯೂ ಮನೆ ಮಾಡುತ್ತದೆ, ಉಜ್ಜಿದರೆ ಉಜ್ಜಿದಲ್ಲೇ ಮಿಂಚುವ ಮಚ್ಚೆ ಬೀಳುತ್ತದೆ. ಎರಡರ ನಡುವಿನದು ಸ್ಯಾಟಿನ್. ಹಳೆಯ ರೇಷ್ಮೆ ಸೀರೆಯ ಹಾಗೆ ಮೆಲ್ಲನೆಯ ಹೊಳಪು.

"ಎಲ್ಲಾ ಬಾಗಿಲಿಗೂ ಒಂದೇ ತಗೊಳ್ರಿ, ಒಂದೇ ಬಿಳಿ ಗ್ಲಾಸಿ, ಹಣ ಉಳಿತೈತಿ" ಎಂದರು ಅಂಗಡಿಯವರು. ಒಂದೇ ಮನೆಯಲ್ಲಿದ್ದರೂ ಐದು ಬಾಗಿಲುಗಳ ಬದುಕು ಒಂದೇ ಆಗಿರಲಿಲ್ಲವಲ್ಲ! ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಏಳಡಿ ಎತ್ತರ, ಮೂರಡಿ ಅಗಲದ ಕದ ಎರಡೂ ಮೈ ಸೇರಿ 42 ಚದರ ಅಡಿ. ಒಂದು ಲೀಟರ್ ಎನಾಮಲ್ ಒಂದು ಕೈಗೆ ಸುಮಾರು ನೂರು ಚದರ ಅಡಿ ಬರುತ್ತದೆ. ಅಂದರೆ ಒಂದು ಲೀಟರಿಗೆ ಒಂದು ಬಾಗಿಲು, ಎರಡು ಕೈ, ಚೌಕಟ್ಟಿಗೂ ಅಷ್ಟಿಷ್ಟು ಉಳಿಯುತ್ತದೆ. ಬಾಗಿಲಿಗೊಂದು ಬಗೆ ತಂದರೂ ದೊಡ್ಡ ನಷ್ಟವೇನಿಲ್ಲ. ಈ ಲೆಕ್ಕ ನೀವೂ ಬರೆದಿಟ್ಟುಕೊಳ್ಳಿ. ಬಣ್ಣದವರು ಕೇಳಿದಷ್ಟು ಡಬ್ಬಿ ತರುವ ಮುಂಚೆ ಕೆಲಸಕ್ಕೆ ಬರುತ್ತದೆ.

ಅಡುಗೆಮನೆಯ ಬಾಗಿಲಿಗೆ ಗ್ಲಾಸಿ ಎಂದು ನಿಶ್ಚಯವಾಯಿತು. ಒಗ್ಗರಣೆಯ ಹೊಗೆ, ಮಿರ್ಚಿ ಕರಿದ ಎಣ್ಣೆಯ ಪಸೆ ಅಲ್ಲಿ ನಿತ್ಯದ್ದು. ಬಚ್ಚಲಿನ ಬಾಗಿಲಿಗೂ ಗ್ಲಾಸಿಯೇ, ಆದರೆ ಅಲ್ಲಿ ಬಡಗಿ ಮೇಸ್ತ್ರಿ ಹೇಳಿಕೊಟ್ಟ ಗುಟ್ಟೊಂದಿದೆ. ಬಚ್ಚಲಿನ ಕದ ಕೊಳೆಯುವುದು ಮುಖದಿಂದಲ್ಲ, ಪಾದದಿಂದ. ಕದದ ಕೆಳ ಅಂಚು ಯಾರ ಕಣ್ಣಿಗೂ ಬೀಳದೆಂದು ಅಲ್ಲಿಗೆ ಯಾರೂ ಕುಂಚ ಮುಟ್ಟಿಸುವುದಿಲ್ಲ. ಮರದ ನಾರಿನ ಬಾಯಿ ತೆರೆದಿರುವುದು ಅಲ್ಲಿಯೇ; ನೆಲದ ನೀರನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತದೆ. ಬಿಜಾಗರಿ ಬಿಚ್ಚಿ, ಕದವನ್ನು ಮಲಗಿಸಿ, ಕೆಳ ಅಂಚಿಗೂ ಮೇಲಂಚಿಗೂ ಬಣ್ಣ ಕುಡಿಸಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ನಿಂತು ಮಾಡಿಸುವ ಹಟ ಬೇಕು.

ಅತ್ತೆಯ ಕೋಣೆಯ ಬಾಗಿಲಿಗೆ ನಾನು ಗ್ಲಾಸಿ ಬೇಡವೆಂದೆ. ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಪಡಸಾಲೆಯ ಕಿಟಕಿಯ ಬಿಸಿಲು ಎದುರಿನ ಬಾಗಿಲಿಗೆ ಬಿದ್ದು ಹೊಳೆದರೆ ಅವರು ಸೆರಗು ಅಡ್ಡ ಹಿಡಿಯುತ್ತಾರೆ. ಬಳ್ಳಾರಿಯ ಬಿಸಿಲನ್ನು ಮನೆಯೊಳಗೂ ಕನ್ನಡಿ ಹಿಡಿದು ತೋರಿಸುವುದು ಯಾಕೆ? ಅಲ್ಲಿಗೆ ಸ್ಯಾಟಿನ್. ಇನ್ನೊಂದು ಮಾತು: ಗೋಡೆ, ಚೌಕಟ್ಟು, ಕದ ಮೂರೂ ಒಂದೇ ಬಿಳಿಯಾದರೆ ದೃಷ್ಟಿ ಮಂದವಾದವರಿಗೆ ರಾತ್ರಿ ಬಾಗಿಲು ಎಲ್ಲಿದೆಯೆಂದೇ ತಿಳಿಯದು. ತಿಳಿಗೋಡೆಗೆ ಗಾಢವಾದ ಚೌಕಟ್ಟು ಇದ್ದರೆ ದಾರಿ ತಾನಾಗಿ ಕಾಣುತ್ತದೆ. ಅತ್ತೆ ಕಾಫಿಪುಡಿ ಬಣ್ಣ ಆರಿಸಿದರು.

ಬಾಣಂತಿಯ ಕೋಣೆಯದೇ ಬೇರೆ ಕಥೆ. ಗಾಳಿ ತಾಗಬಾರದು, ಬೆಳಕು ಹೆಚ್ಚಿರಬಾರದು ಎಂದು ಆ ಕೋಣೆಯನ್ನು ಕತ್ತಲು ಮಾಡುವುದು ನಮ್ಮಲ್ಲಿ ರೂಢಿ. ಎಣ್ಣೆಯ ಮೂಲದ ಬಿಳಿ ಎನಾಮಲ್ ಕತ್ತಲಲ್ಲಿಯೇ ಬೇಗ ಹಳದಿಗೆ ತಿರುಗುತ್ತದೆ. ಬೆಳಕಿದ್ದಲ್ಲಿ ಬಹುಕಾಲ ಬೆಳ್ಳಗಿರುತ್ತದೆ. ಅದರ ವಾಸನೆಯೂ ದಿನಗಟ್ಟಲೆ ಹೋಗದು. ನೀರಿನಲ್ಲಿ ಕಲಸುವ ಹೊಸ ಬಗೆಯ ಎನಾಮಲ್ ತುಸು ದುಬಾರಿ, ಆದರೆ ವಾಸನೆ ಕಡಿಮೆ, ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಹಳದಿಯಾಗದು. ಹಳೆಯ ಎಣ್ಣೆಬಣ್ಣದ ಮೇಲೆ ಅದನ್ನು ಹಾಗೆಯೇ ಬಳಿದರೆ ಮಾತ್ರ ಸಿಪ್ಪೆಯಂತೆ ಏಳುತ್ತದೆ; ಮೊದಲು ಹಳೆಯ ಹೊಳಪು ಮುರಿಯುವಂತೆ ಉಜ್ಜಿ, ಪ್ರೈಮರ್ ಕೊಡಬೇಕು. ಬಳಿದ ಮೇಲೆ ನಾಲ್ಕಾರು ದಿನ ಬಾಗಿಲು ತೆರೆದೇ ಇಡಬೇಕು. ಇಲ್ಲದಿದ್ದರೆ ನಮ್ಮ ಸೆಕೆಗೆ ಕದ ಚೌಕಟ್ಟಿಗೆ ಅಂಟಿಕೊಂಡು, ಬಿಡಿಸುವಾಗ ಎರಡರ ಬಣ್ಣವೂ ಕಿತ್ತು ಬರುತ್ತದೆ.

ದೇವರ ಕೋಣೆಯ ಬಾಗಿಲಿಗೆ ಈ ಯಾವುದೂ ಬೇಕಿರಲಿಲ್ಲ. ಅತ್ತೆಯ ಅತ್ತೆ ಅದಕ್ಕೆ ಬಣ್ಣ ಮುಟ್ಟಿಸಬಾರದೆಂದು ಹೇಳಿ ಹೋಗಿದ್ದರಂತೆ. ಅದು ಅರಗಿನ ಪಾಲಿಶ್ ಕಂಡ ಮರ. ಮರದ ಕೊಂಬೆಗೆ ಕಚ್ಚಿಕೊಂಡ ಸಣ್ಣ ಹುಳುಗಳು ಸ್ರವಿಸುವ ಅರಗನ್ನು ಶುದ್ಧ ಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕಿದ ಹೊಳಪು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಈ ಅರಗಿನದೇ. ನಮ್ಮ ಕಾಡುಗಳ ಅರಗನ್ನು ನೆಚ್ಚಿಕೊಂಡೇ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಮಾಡುವುದೂ ಅದೇ ಕಾರ್ಖಾನೆ. ಅರಗಿನ ಪಾಲಿಶ್‌ಗೆ ನೀರು ಕಂಡರಾಗದು, ಬಿಳಿ ಮಚ್ಚೆ ಏಳುತ್ತದೆ. ಬಚ್ಚಲಿಗೆ ಅದು ಸಲ್ಲದು. ದೇವರ ಕೋಣೆಗೆ ಅದಕ್ಕಿಂತ ಚೆಂದದ್ದಿಲ್ಲ. ಮಾಸಿದಾಗ ಮತ್ತೆ ಎರಡು ಕೈ ತಿಕ್ಕಿದರೆ ಹಳೆಯ ಪದರದೊಳಗೇ ಹೊಸದು ಕರಗಿ ಒಂದಾಗುತ್ತದೆ, ಕೆರೆಯುವ ಕೆಲಸವೇ ಇಲ್ಲ.

ಕೆರೆಯುವ ಮಾತಿಗೇ ಬರುತ್ತೇನೆ. ಬಣ್ಣದ ಮೇಸ್ತ್ರಿ ಒಂದು ಬೆಳಿಗ್ಗೆ ಕೆರೆಯುವ ಪಟ್ಟಿ, ಉಪ್ಪುಕಾಗದ, ಬೆಂಕಿ ಉಗುಳುವ ದೀಪ ಎಲ್ಲ ಹೊತ್ತುಕೊಂಡು ಬಂದ. ಉಳಿದ ನಾಲ್ಕು ಬಾಗಿಲುಗಳ ಮೇಲೆ ಎಷ್ಟು ಪದರಗಳಿದ್ದವೋ! ಅಡುಗೆಮನೆಯ ಬಾಗಿಲಲ್ಲಿ ಒಂದು ಚಕ್ಕೆ ಎದ್ದಿತ್ತು. ಅದರ ಅಂಚಿನಲ್ಲಿ ಕೆನೆಬಣ್ಣ, ಕೆಳಗೆ ನೀಲಿ, ಅದರಡಿ ಗಿಣಿಹಸಿರು. ಹಸಿರು ನನ್ನ ಮದುವೆಯದು, ನೀಲಿ ಮೈದುನನದು, ಕೆನೆಬಣ್ಣ ನಾದಿನಿಯ ಮಗಳ ನಿಶ್ಚಿತಾರ್ಥದ್ದು. ಮನೆತನದ ಚರಿತ್ರೆಯೆಲ್ಲ ಉಗುರಗಲದಲ್ಲಿ. ಆ ಚರಿತ್ರೆಯನ್ನು ನೋಡುತ್ತ ನಿಂತಾಗಲೇ ನನಗೆ ಸೀಸದ ನೆನಪಾದದ್ದು.

ಬಣ್ಣಕ್ಕೆ ಸೀಸ ಸೇರಿಸುತ್ತಿದ್ದುದು ಮೋಸಕ್ಕಲ್ಲ. ಬಣ್ಣ ಬೇಗ ಒಣಗುತ್ತದೆ, ಹಳದಿ ಹಸಿರು ಕೆಂಪು ಢಾಳಾಗಿ ನಿಲ್ಲುತ್ತವೆ ಎಂದು. ಆದರೆ ಚಕ್ಕೆ ಎದ್ದು ಪುಡಿಯಾದಾಗ ಅದು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಮಗುವಿನ ಲೋಕವೇ ನೆಲ. ಕೈ ನೆಲದ ಮೇಲೆ, ಮರುಕ್ಷಣ ಬಾಯೊಳಗೆ. ಸೀಸದ ರುಚಿ ಸಿಹಿಯೆಂದೂ ಹೇಳುತ್ತಾರೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಹೆಚ್ಚು ಹೀರುತ್ತದೆ, ಬೆಳೆಯುತ್ತಿರುವ ಮಿದುಳನ್ನೇ ಅದು ತಾಗುತ್ತದೆ. ಬಸುರಿಯ ರಕ್ತ ಸೇರಿದರೆ ಗರ್ಭದ ಕೂಸಿಗೂ ಮುಟ್ಟುತ್ತದೆ. ಹೊರಗೆ ಗಾಯವಿಲ್ಲ, ಜ್ವರವಿಲ್ಲ. ಮಗು ಓದಿನಲ್ಲಿ ಹಿಂದೆ ಬಿದ್ದರೆ ಬಾಗಿಲಿನ ಬಣ್ಣವನ್ನು ಯಾರು ಅನುಮಾನಿಸುತ್ತಾರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ 1990ರ ದಶಕದಿಂದಲೇ ಎಚ್ಚರಿಸುತ್ತ ಬಂದವರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣಕ್ಕೆ ಕಾನೂನು ಬಂದದ್ದು 2016ರಲ್ಲಿ; 2017ರ ನವೆಂಬರ್ 1ರಿಂದ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರುವ ಬಣ್ಣ ತಯಾರಿಸುವಂತಿಲ್ಲ. ಹಳೆಯ ಬಣ್ಣದಲ್ಲೆಲ್ಲ ಸೀಸ ಇದ್ದೇ ಇರುತ್ತದೆಂದಲ್ಲ. ಆದರೆ ನನ್ನ ಮದುವೆಯ ಗಿಣಿಹಸಿರಿನಲ್ಲಿ ಏನಿತ್ತೆಂದು ಯಾರಿಗೆ ಗೊತ್ತು? ಇದೆಯೆಂದೇ ತಿಳಿದು ನಡೆಯುವುದು ಕ್ಷೇಮ.

"ಬೆಂಕಿ ಹಚ್ಚಬ್ಯಾಡಪ್ಪ, ಒಣಾದು ಕೆರೀಬ್ಯಾಡ" ಎಂದೆ. ಮೇಸ್ತ್ರಿ ನಕ್ಕ. "ನಮ್ಮಪ್ಪನ ಕಾಲದಿಂದ ಹಿಂಗ ಕೆರದೀವ್ರಿ ಅಮ್ಮಾರೆ, ನಮಗೇನಾಗೈತಿ?" ಅವನಿಗೆ ಕಾನೂನು ಹೇಳಿ ಉಪಯೋಗವಿರಲಿಲ್ಲ. "ಮನ್ಯಾಗ ಸಣ್ಣ ಮಕ್ಕಳು ಅದಾವೇನು?" ಎಂದು ಕೇಳಿದೆ. ಒಂದೂವರೆ ವರ್ಷದ ಮಗಳಿದ್ದಳು. ಸಂಜೆ ಹೋದೊಡನೆ ಓಡಿ ಬಂದು ಕಾಲು ಹಿಡಿಯುತ್ತಾಳೆ, ಎತ್ತಿಕೊಳ್ಳದೆ ಬಿಡುವುದಿಲ್ಲ ಎಂದ. "ಆ ಅಂಗಿ ಮ್ಯಾಲೆ ಇದೇ ಪುಡಿ ಇರತೈತಲ್ಲಪ್ಪ" ಎಂದೆ. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದೀಪವನ್ನು ಚೀಲದೊಳಗೆ ಇಟ್ಟು, "ಹಂಗಾರ ಹೆಂಗ ಮಾಡೂಣು ಹೇಳ್ರಿ" ಎಂದ.

ಮಾಡಿದ್ದು ಇಷ್ಟು. ಚಕ್ಕೆ ಏಳದೆ ಗಟ್ಟಿಯಾಗಿದ್ದ ಬಣ್ಣವನ್ನು ಕೀಳಲಿಲ್ಲ. ಸೋಪಿನ ನೀರಿನಿಂದ ತೊಳೆದು, ನೀರುಗಾಗದದಿಂದ ಒದ್ದೆಯಾಗಿಯೇ ಉಜ್ಜಿ, ಪ್ರೈಮರ್ ಕೊಟ್ಟು ಹೊಸ ಬಣ್ಣದಡಿ ಮುಚ್ಚಿದೆವು. ಚಕ್ಕೆ ಎದ್ದ ಕಡೆ ನೀರು ಚಿಮುಕಿಸಿ ತೆಗೆದೆವು. ಕೆಲಸ ನಡೆವ ಬಾಗಿಲಿನಡಿ ಪ್ಲಾಸ್ಟಿಕ್ ಹಾಳೆ, ಪಕ್ಕದ ಕೋಣೆಗಳು ಬಂದ್. ಸಂಜೆ ಕಸಬರಿಗೆ ಮುಟ್ಟದೆ ಒದ್ದೆ ಬಟ್ಟೆಯಿಂದಲೇ ಒರೆಸಿದ್ದು. ಗುಡಿಸಿದರೆ ಪುಡಿ ಹಾರುತ್ತದೆ. ಕಸವನ್ನು ದಪ್ಪ ಚೀಲದಲ್ಲಿ ಕಟ್ಟಿದೆವು, ತಿಪ್ಪೆಗೆ ಸುರಿಯಲಿಲ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ್ದು ಮತ್ತೆ ತಟ್ಟೆಗೇ ಬರುತ್ತದಲ್ಲ! ಮೇಸ್ತ್ರಿ ಬೇರೆ ಅಂಗಿ ತಂದಿಟ್ಟುಕೊಂಡು, ಹೋಗುವಾಗ ನಮ್ಮ ಹಿತ್ತಲಲ್ಲಿ ಕೈಕಾಲು ಮುಖ ತೊಳೆದು ಬದಲಾಯಿಸಿ ಹೋಗತೊಡಗಿದ.

ಬಾಗಿಲುಗಳೆಲ್ಲ ಮುಗಿದ ಮೇಲೆ ಉಳಿದದ್ದು ಹೊಸ್ತಿಲು. ನಡುಮನೆಯ ಹೊಸ್ತಿಲಿಗೆ, ದೇವರ ಕೋಣೆಯ ಹೊಸ್ತಿಲಿಗೆ ಹತ್ತು ಹನ್ನೆರಡು ವರ್ಷದ ಹಿಂದೆ ಹಳದಿ ಎನಾಮಲ್ ಬಳಿಸಿ, ಮೇಲೆ ಕೆಂಪು ಬೊಟ್ಟು ಇಡಿಸಿತ್ತು. ಈಗ ಊರೂರಲ್ಲೂ ಹೀಗೆಯೇ. ಒಮ್ಮೆ ಬಳಿದರೆ ಐದಾರು ವರ್ಷ ಅರಿಸಿನ ಕುಂಕುಮ ಹಚ್ಚಿದ ಹಾಗೆಯೇ ಕಾಣುತ್ತದೆ. ನಗಬೇಡಿ. ನಮ್ಮಲ್ಲಿ ಅದನ್ನು ಮಾಡಿಸಿದ್ದು ಅತ್ತೆಯ ಮೊಣಕಾಲಿಗಾಗಿ. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ಅರಿಸಿನ ಹಚ್ಚದೆ ಅವರು ಕಾಫಿ ಕುಡಿದವರಲ್ಲ. ಬಗ್ಗಲಾಗದೆ ಹೋದಾಗ ಅವರ ಮನಸ್ಸು ನೋಯದಿರಲೆಂದು ಆ ಹಳದಿ ಬಂತು. ಆದರೆ ಹಳೆಯ ಎನಾಮಲ್‌ಗಳ ಆ ಢಾಳ ಹಳದಿಗೆ ಬಳಸುತ್ತಿದ್ದುದರಲ್ಲಿ ಸೀಸದ ಕ್ರೋಮೇಟ್ ಮುಖ್ಯವಾದದ್ದು. ಅರಿಸಿನದ ಪುಡಿಗೆ ಕಲಬೆರಕೆ ಮಾಡುವುದೂ ಅದನ್ನೇ. ಹೊಸ್ತಿಲೋ ಎಲ್ಲರೂ ತುಳಿದು ಸವೆಯುವ ಜಾಗ. ಮಗು ಮೊದಲ ಬಾರಿ ಹೊಸ್ತಿಲು ದಾಟುವ ದಿನ ನಾವು ಸಿಹಿ ಹಂಚುತ್ತೇವೆ. ದಾಟುವ ಮುಂಚೆ ಎಷ್ಟು ದಿನ ಅದರ ಮೇಲೆ ಅಂಗೈ ಊರಿ, ಗಲ್ಲ ಇಟ್ಟು, ಜೊಲ್ಲು ಸುರಿಸಿ ಆಚೆ ಇಣುಕುತ್ತದೆ, ತಾಯಂದಿರಿಗೆ ಹೇಳಬೇಕೇ?

ಬಣ್ಣ ತೆಗೆಯಬೇಕೆಂದು ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಣ್ಣ ತಗದ್ರ ಬಗ್ಗೋರು ಯಾರವ್ವಾ?"

ಅದಕ್ಕೆ ಉತ್ತರ ನನ್ನ ಬಾಯಲ್ಲಿ ತಟ್ಟನೆ ಬರಲಿಲ್ಲ. ಅವರಿಗೆ ಎಂಬತ್ತು ದಾಟಿದೆ. ನನ್ನ ಮೊಣಕಾಲೂ ಕಟಕಟ ಎನ್ನುವ ವಯಸ್ಸು. ಬರುವ ಮಗಳು ಬಾಣಂತಿ. ಆ ರಾತ್ರಿ ಅತ್ತೆ ಇದನ್ನೇ ಯೋಚಿಸಿರಬೇಕು. ಮರುದಿನ ಬೆಳಿಗ್ಗೆ ಕರೆದು, "ತಗಸಿಬಿಡು. ದಿನಾ ಬ್ಯಾಡ, ಶುಕ್ರವಾರ ಸಾಕು. ಲಕ್ಷ್ಮಿ ಹೆಂಗಸು ಅಲ್ಲೇನು, ಮಣಕಾಲ ನೋವು ಆಕಿಗೂ ತಿಳಿತೈತಿ" ಎಂದರು.

ಹೊಸ್ತಿಲಿನದನ್ನು ಮೆದುಮಾಡುವ ದ್ರಾವಣ ಹಚ್ಚಿ, ಕೈಗವಸು ತೊಟ್ಟು, ಕಿಟಕಿ ಬಾಗಿಲೆಲ್ಲ ತೆರೆದಿಟ್ಟು, ಪುಡಿ ಏಳದಂತೆ ತೆಗೆಸಿದೆವು. ಅಡಿಯಿಂದ ಹೊರಬಂದ ಮರದ ಮಧ್ಯಭಾಗ ತಲೆಮಾರುಗಳ ಪಾದ ತಾಗಿ ತಗ್ಗಾಗಿತ್ತು. ಅದಕ್ಕೆ ಬಣ್ಣವಿಲ್ಲ, ವಾರ್ನಿಶ್ ಇಲ್ಲ. ಒಂದು ಕೈ ಅಗಸೆ ಎಣ್ಣೆ ತಿಕ್ಕಿ ಬಿಟ್ಟೆವು. ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯದೆ ಬಿಡಿಸಿ ಒಣಹಾಕಲು ಮೇಸ್ತ್ರಿಯೇ ಹೇಳಿದ. ಮುದ್ದೆಯೊಳಗೆ ತಾನಾಗಿ ಕಾವೇರಿ ಬೆಂಕಿ ಹತ್ತುವುದುಂಟಂತೆ.

ಮೊಮ್ಮಗಳು ಜನವರಿಯಲ್ಲಿ ಹುಟ್ಟಿದಳು. ಆಗಸ್ಟಿನಲ್ಲಿ, ಒಂದು ಮಧ್ಯಾಹ್ನ ನಾವೆಲ್ಲ ಮಲಗಿದ್ದಾಗ, ಅಂಬೆಗಾಲಿನಲ್ಲಿ ಬಂದು ನಡುಮನೆಯ ಹೊಸ್ತಿಲನ್ನು ಹಲ್ಲಿಲ್ಲದ ಬಾಯಲ್ಲಿ ಚೀಪುತ್ತ ಕೂತಿದ್ದಳಂತೆ. ನೋಡಿದವರು ಅತ್ತೆ. ಅವರು ಕೂಗಲಿಲ್ಲ, ಎಬ್ಬಿಸಲಿಲ್ಲ. ಪಕ್ಕದಲ್ಲೇ ಗೋಡೆಗೊರಗಿ ಕುಳಿತು, ಅವಳು ಚೀಪಿ ಮುಗಿಸಿ ಈಚೆಗೆ ಇಳಿಯುವವರೆಗೆ ನೋಡುತ್ತಿದ್ದರಂತೆ. ಸಂಜೆ ಶಿರಾ ಮಾಡಿಸಿ, ಓಣಿಗೆಲ್ಲ ಹಂಚಿಸಿದರು. ಒಂದು ಡಬ್ಬಿ ಬಣ್ಣದ ಮೇಸ್ತ್ರಿಯ ಮನೆಗೂ ಹೋಯಿತು.